ಮೇಜಿನ ರೊಟ್ಟಿ

ಕೊಟ್ಟೂರಿನ ಬೀರಲಿಂಗೇಶ ಮೀಸೆ ಮೂಡಿದಾಗಿನಿಂದ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಮದುವೆ, ಸೀಮಂತ, ಚುನಾವಣೆ, ಭಜನೆ, ಯಾರಿಗೆ ಏನು ಹೇಳುವುದಿದ್ದರೂ ಇವನ ಡಬ್ಬಿಯ ಮೂಲಕವೇ ಹೇಳಬೇಕು. ಆದರೆ ಅಷ್ಟೂ ವರ್ಷ ಅವನು ಸ್ವತಃ ಮೈಕಿನಲ್ಲಿ ಆಡಿದ ಮಾತು ‘ಹಲೋ, ಚೆಕ್, ಒಂದು, ಎರಡು, ಮೂರು’ ಎಂಬಷ್ಟೇ. ಮೂರರ ಮುಂದೆ ಏನು ಹೇಳಬೇಕೆಂಬುದು ಅವನಿಗೆ ಈಚೆಗೆ ಸಿಕ್ಕಿತು. ಸಿಕ್ಕ ಮೇಲೆ ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಸಿಗಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಭಾನುವಾರ ನಡೆಯುವ ಪ್ರಾರ್ಥನಾ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಹಾಡು ಮುಗಿದು ಪಾಸ್ಟರ ಪ್ರಸಂಗ ಶುರುವಾಗುವ ಮೊದಲು, ಆ ವಾರ ದೇವರಿಂದ ಉಪಕಾರವಾದವರು ಎದ್ದು ನಿಂತು ಹೇಳಬೇಕು. ಅದಕ್ಕೆ ಸಾಕ್ಷಿ ಎಂದು ಹೆಸರು. ಒಬ್ಬರಿಗೆ ತಲೆನೋವು ಬಿಟ್ಟಿರುತ್ತಿತ್ತು, ಒಬ್ಬರಿಗೆ ಕಳೆದ ಎಮ್ಮೆ ಸಿಕ್ಕಿರುತ್ತಿತ್ತು, ಅಂಜಿನಕ್ಕನಿಗೆ ಪ್ರತಿ ವಾರವೂ ಕನಸು ಬಿದ್ದಿರುತ್ತಿತ್ತು. ಇಂಥವರ ನಡುವೆ ಬೀರಲಿಂಗೇಶನ ಸಾಕ್ಷಿ, ಕೋಳಿಗಳ ನಡುವೆ ನವಿಲು ಇಳಿದಂತಾಯಿತು.

“ನನ್ನ ಮಗಳು ಸುಕನ್ಯಾಗ ಮೂರ್ಛಿ ಬರ್ತಿತ್ತು ಸಹೋದರರೇ! ಕೈಕಾಲು ಸೆಟದು, ಬಾಯಾಗ ನೊರಿ ಬರ್ತಿತ್ತು. ಡಾಕ್ಟ್ರು ವರ್ಷಗಟ್ಟಲೆ ಗುಳಿಗಿ ನುಂಗಸ್ರಿ ಅಂದ್ರು. ನಮ್ಮ ಪಾಸ್ಟರು ತಲಿ ಮ್ಯಾಲೆ ಕೈ ಇಟ್ರು. ಅವತ್ತಿಂದ ಇವತ್ತಿನ ತನಕ ಒಂದು ಸಲ ಬಂದಿಲ್ಲ! ನಾ ಏನು ಮಾಡಿದೆ? ಹಲವಾಗಲಿಗೆ ಹೋದೆ. ಹೊಳಿ ದಂಡಿಮ್ಯಾಲೆ ನಿಂತೆ. ಗುಳಿಗಿ ಶೀಟು ತಗದು ತುಂಗಭದ್ರಾದಾಗ ಒಗದೆ! ಗುಳಿಗಿ ಮುಳುಗಿತು, ರೋಗ ಮುಳುಗಿತು!”

“ಹಲ್ಲೆಲೂಯಾ!” ಎಂದು ತಗಡು ಅದುರಿತು.

ಹೆಂಗಸರ ಚಾಪೆಯ ಮೇಲೆ ಕುಳಿತಿದ್ದ ಅವನ ತಾಯಿ ಕನಕಮ್ಮನೂ ಎಲ್ಲರ ಜೊತೆ ಆಮೆನ್ ಅಂದಳು. ಎಲ್ಲರಿಗಿಂತ ಒಂದು ಉಸಿರು ತಡವಾಗಿ ಅಂದಳು. ಯಾಕೆಂದರೆ ಅಂದು ಬೆಳಿಗ್ಗೆ ಸಭೆಗೆ ಹೊರಡುವ ಮೊದಲು, ಅದೇ ರೋಗದ ಅದೇ ಗುಳಿಗೆಯನ್ನು ರೊಟ್ಟಿಯ ತುತ್ತಿನಲ್ಲಿ ಮಡಿಚಿ ಮೊಮ್ಮಗಳ ಬಾಯಿಗೆ ಇಟ್ಟು ಬಂದಿದ್ದಳು.

ಆ ಮನೆಯಲ್ಲಿ ಮೊದಲು ಯೇಸುವಿನ ಕಡೆ ಹೋದವಳು ಕನಕಮ್ಮನೇ. ಕಿರಿಮಗಳು ಕಾಮಾಲೆ ಹಿಡಿದು ಮಲಗಿದಾಗ ಯಾರೋ ಪ್ರಾರ್ಥನೆಗೆ ಕರೆದರು, ಹೋದಳು. ಔಷಧವನ್ನೂ ಕೊಟ್ಟಳು, ಪ್ರಾರ್ಥನೆಯನ್ನೂ ಮಾಡಿದಳು. ಎರಡಕ್ಕೂ ನಿಲ್ಲದೆ ಮಗಳು ಹೋದಳು. ಮಣ್ಣು ಮಾಡಿ ಬಂದ ಮೇಲಿನ ಭಾನುವಾರ ಕನಕಮ್ಮ ತಲೆ ಮೇಲೆ ಸೆರಗು ಹೊದ್ದು ಮತ್ತೆ ಶೆಡ್ಡಿಗೆ ಹೊರಟಾಗ ಓಣಿಯ ಹೆಂಗಸರು ಅಡ್ಡ ನಿಂತರು.

“ಉಳಸ್ಲಿಲ್ಲಲ್ಲವಾ ನಿಮ್ಮ ಯೇಸು. ಇನ್ಯಾಕ ಹೊಂಟಿ?”

“ಅಳಾಕ ಒಂದು ಜಾಗ ಬೇಕಲ್ಲವಾ,” ಎಂದಿದ್ದಳು ಕನಕಮ್ಮ. “ಮನ್ಯಾಗ ಅತ್ರ ಎಲ್ರೂ ಸಾಕು ಸುಮ್ಕಿರು ಅಂತಾರ. ಅವ್ನು ಅನ್ನಂಗಿಲ್ಲ.”

ಅವಳ ಸಾಕ್ಷಿ ಅಂದರೆ ಅಷ್ಟೇ. ಮೈಕಿಗೆ ಹೊಂದುವಂಥದ್ದಲ್ಲವಾದ್ದರಿಂದ ಅದನ್ನು ಯಾರೂ ಕೇಳಿರಲಿಲ್ಲ.

ಸಭೆಯಲ್ಲಿ ಅವಳಿಗಿದ್ದ ಸ್ಥಾನ ಬೇರೆಯದು. ಕನಕಮ್ಮ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವವಳು. ತಿಂಗಳ ಮೊದಲ ಭಾನುವಾರ ಕರ್ತನ ಮೇಜು ಇರುತ್ತದೆ. ರೊಟ್ಟಿ ಮುರಿದು ವಿಶ್ವಾಸಿಗಳೆಲ್ಲ ಒಂದೊಂದು ಚೂರು ತಿನ್ನುವ ದಿನ. ಮೊದಲು ಅದಕ್ಕೆ ಬೇಕರಿಯ ಬ್ರೆಡ್ಡು, ಬ್ರೆಡ್ಡು ಸಿಗದಿದ್ದರೆ ಬಿಸ್ಕತ್ತು ಬರುತ್ತಿತ್ತು. “ಕರ್ತನ ಮೈ ಅಂತೀರಿ, ಪಾಕೀಟು ಹರೀತೀರಿ,” ಎಂದು ಕನಕಮ್ಮ ಒಂದು ದಿನ ಗೊಣಗಿದಳು. ಅಂದಿನಿಂದ ಮೇಜಿನ ರೊಟ್ಟಿ ಅವಳದೇ. ಹಂಚು ತಿಕ್ಕಿ ತೊಳೆದು, ಎಸರಿಟ್ಟು, ಹಿಟ್ಟು ನಾದಿ, ಎಲ್ಲಕ್ಕಿಂತ ಮೊದಲು ಆ ಒಂದು ರೊಟ್ಟಿ ಬೇಯಿಸಿ ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಮುರಿಯುವ ಮೊದಲು ಪಾಸ್ಟರ್ ಪ್ರವೀಣಕುಮಾರ್ ಪ್ರತಿ ಸಲವೂ ಒಂದೇ ಎಚ್ಚರಿಕೆ ಹೇಳುತ್ತಿದ್ದರು: “ಮನಸ್ಸಿನಾಗ ಸುಳ್ಳು ಇಟ್ಕೊಂಡವರು ಈ ಮೇಜಿಗೆ ಕೈ ಚಾಚಬ್ಯಾಡ್ರಿ.” ಜನ ಕಣ್ಣು ಮುಚ್ಚಿ ತಲೆದೂಗಿ, ಆಮೇಲೆ ಎಲ್ಲರೂ ಕೈ ಚಾಚುತ್ತಿದ್ದರು. ಆ ಮಾತನ್ನು ನಿಜವೆಂದು ತಿಳಿದಿದ್ದವಳು ಬಹುಶಃ ಕನಕಮ್ಮ ಒಬ್ಬಳೇ.

ಆ ಸಾಕ್ಷಿಗೂ ಮೊದಲು, ಗುಳಿಗೆ ಹೊಳೆಗೆ ಬಿದ್ದ ದಿನ ಸಂಜೆ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ. ಬೀರಲಿಂಗೇಶ ನಡೆದದ್ದನ್ನು ಊಟದ ನಡುವೆಯೇ ಹೇಳಿದ. ಅವನ ಅಪ್ಪ ಯರ್ರೆಪ್ಪ, ನಾಲ್ಕು ಕುರಿ ಸಾಕಿಕೊಂಡು ಹಣೆಗೆ ಭಂಡಾರ ಹಚ್ಚಿಕೊಂಡು ಬೀರಪ್ಪನನ್ನು ನಂಬಿದ್ದವನು, ಬೆರಳು ನೆಕ್ಕುತ್ತ ಕೇಳಿಸಿಕೊಂಡ.

“ಚಲೋ ಮಾಡಿದಿ ಬಿಡಪ್ಪ. ಹೊಳ್ಯಾಗಿನ ಮೀನಿಗೆ ಇನ್ನ ಮೂರ್ಛಿ ಬರಂಗಿಲ್ಲ.”

“ಅಪ್ಪಾ, ನೀ ಸುಮ್ಕಿರು. ಇದು ನಿನಗ ತಿಳಿಯಂಗಿಲ್ಲ.”

“ತಿಳಿಯಂಗಿಲ್ಲ ಖರೆ. ನಮ್ಮ ಬೀರಪ್ಪ ಗುಳಿಗಿ ನುಂಗು ಅನ್ನಲ್ಲ, ನುಂಗಬ್ಯಾಡ ಅನ್ನಲ್ಲ. ತನ್ನ ಪಾಡಿಗೆ ತಾನು ಕುಂತಿರ್ತಾನ. ಅದಕ್ಕ ನನಗ ಅವ್ನು ಹಿಡಿಸಿದ್ದು.”

ಕನಕಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು. “ಪಾಸ್ಟರು ಒಗಿ ಅಂದ್ರೇನು?”

“ಬಾಯಿಬಿಟ್ಟು ಯಾಕ ಅಂತಾರ? ವಿಶ್ವಾಸ ಇದ್ದಾವ್ನಿಗೆ ಎರಡು ಆಸರ ಬೇಕೇನು ಅಂದ್ರು. ಅಷ್ಟ ಸಾಕು.”

“ಹಂಗಾರ ಆ ರೊಟ್ಟಿ ಯಾಕ ತಿನ್ನಾಕತ್ತಿ? ಅದೂ ಒಂದು ಆಸರನ ಅಲ್ಲೇನು?”

“ಯವ್ವಾ, ನೀನಾ ಹಿಂಗ ಅಂದ್ರ ಹೆಂಗ? ಈ ಮನಿಗೆ ಯೇಸುನ್ನ ಕರ್ಕೊಂಡು ಬಂದಾಕಿ ನೀನು!”

“ನಾನೇನು ಕರ್ಕೊಂಡು ಬಂದಿಲ್ಲಪ್ಪ. ಅವ್ನು ಬಂದ, ನಾ ಬಾಗಿಲ ತಗದೆ.”

ಬಡಿಸುತ್ತಿದ್ದ ಸೊಸೆ ಚಂದನಾ ಪಲ್ಯದ ಸೌಟನ್ನು ಕೆಳಗಿಟ್ಟಳು. “ಅತ್ತಿ, ನನ್ನ ಕೂಸಿಗೆ ವಾಸಿ ಆಗೈತಿ. ಎಲ್ರೂ ಅಂದ್ರು. ನೀವೊಬ್ರು ಅದನ್ನ ಅನ್ನಬಾರದೇನ್ರಿ?”

ಕನಕಮ್ಮ ಸೊಸೆಯ ಮುಖ ನೋಡಿದಳು. ಮಗಳ ಕೈಗೆ ತನ್ನ ಸೆರಗಿನ ತುದಿ ಕಟ್ಟಿಕೊಂಡು ಮಲಗುತ್ತಿದ್ದ ಹೆಂಗಸು. “ದೆವ್ವ ಹೊಕ್ಕೈತಿ” ಎಂದ ಓಣಿಯವರ ಜೊತೆ ಜುಟ್ಟು ಹಿಡಿದು ಜಗಳಾಡಿದವಳು. ಆ ಮುಖ ಈಗ ಹೊಸದಾಗಿ ಸುಣ್ಣ ಬಳಿದ ಗೋಡೆಯಂತಿತ್ತು. ಅದರ ಮೇಲೆ ಗೆರೆ ಎಳೆಯಲು ಕನಕಮ್ಮನಿಗೆ ಕೈ ಬರಲಿಲ್ಲ.

“ದೇವ್ರು ದೊಡ್ಡಾವ,” ಎಂದಳು. ಸುಳ್ಳೇನೂ ಆಡಲಿಲ್ಲ.

ಮರುದಿನ ಯರ್ರೆಪ್ಪ ಹಗರಿಬೊಮ್ಮನಹಳ್ಳಿಯ ಕುರಿ ಸಂತೆಗೆ ಹೊರಟಾಗ ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ, ಖಾಲಿಯಾದ ಹಳೆಯ ಶೀಟಿನ ತುಂಡೊಂದನ್ನು ಅವನ ಕೈಗಿಟ್ಟಳು. “ಇದನ್ನ ಮೆಡಿಕಲ್ ಶಾಪಿನ್ಯಾಗ ತೋರಸ್ರಿ. ಇಂಥವ ಬೇಕು.”

“ನಿಮ್ಮ ಯೇಸು ಬ್ಯಾಡ ಅಂದ ಗುಳಿಗಿ ನಾ ತರಬೇಕಾ?”

“ಯೇಸು ಎಲ್ಲಿ ಬ್ಯಾಡ ಅಂದ? ನಿಮ್ಮ ಮಗ ಅಂದ. ಅವ್ನ ಹಂತ್ಯಾಕ ಮೈಕ್ ಐತಿ ಅಂತ ಯೇಸು ಅಂದಂಗ ಕೇಳತೈತಿ.”

ಯರ್ರೆಪ್ಪ ನಕ್ಕು ತುಂಡನ್ನು ರುಮಾಲಿನ ಮಡಿಕೆಯೊಳಗೆ ಸಿಕ್ಕಿಸಿಕೊಂಡ. ಹೀಗೆ ಬೀರಪ್ಪನ ಭಕ್ತನ ತಲೆಯ ಮೇಲೆ ಕುಳಿತು ಗುಳಿಗೆಗಳು ಕ್ರೈಸ್ತರ ಮನೆಗೆ ಬಂದವು. ಕನಕಮ್ಮ ಅವನ್ನು ಗುರೆಳ್ಳು ಚಟ್ನಿಪುಡಿಯ ಡಬ್ಬಿಯ ತಳದಲ್ಲಿ, ಪುಡಿಯ ಕೆಳಗೆ ಇಟ್ಟಳು. ಗುರೆಳ್ಳು ಆ ಮನೆಯಲ್ಲಿ ಅವಳೊಬ್ಬಳಿಗೇ ಸೇರುತ್ತಿತ್ತು.

ಬೆಳಿಗ್ಗೆ ಒಂದು, ಸಂಜೆ ಒಂದು. ರೊಟ್ಟಿ ಬಡಿಯುವ ಹೊತ್ತಿಗೆ ಸುಕನ್ಯಾ ಒಲೆಯ ಪಕ್ಕಕ್ಕೆ ಬಂದು ಕೂರುವುದು ರೂಢಿ. ಬಿಸಿ ರೊಟ್ಟಿಯ ಚೂರಿಗೆ ಬೆಲ್ಲ ಇಟ್ಟು, ಬೆಲ್ಲದೊಳಗೆ ಗುಳಿಗೆ ಇಟ್ಟು ಕೊಡುತ್ತಿದ್ದಳು. ಎರಡನೆಯ ದಿನವೇ ಹುಡುಗಿ ಕಣ್ಣು ಕಿರಿದು ಮಾಡಿದಳು.

“ಅಜ್ಜಿ, ಇದು ಗುಳಿಗಿ.”

“ಹೌದು. ನುಂಗು.”

“ದೇವ್ರು ವಾಸಿ ಮಾಡ್ಯಾನ ಅಂದ ಅಪ್ಪ.”

“ಮಾಡ್ಯಾನಲ್ಲ. ಅದ್ರಾಗ ಇಟ್ಟು ಕೊಟ್ಟಾನ. ದೇವ್ರು ಒಮ್ಮೊಮ್ಮೆ ಬರೇ ಕೈಲೆ ಕೊಡ್ತಾನ, ಒಮ್ಮೊಮ್ಮೆ ರೊಟ್ಟ್ಯಾಗ ಇಟ್ಟು ಕೊಡ್ತಾನ. ನುಂಗು, ಆರತೈತಿ.”

ಹುಡುಗಿ ನುಂಗಿದಳು. ಯಾರಿಗೂ ಹೇಳಬೇಡ ಎಂದು ಕನಕಮ್ಮ ಅವಳಿಗೆ ಹೇಳಲಿಲ್ಲ. ಮಗುವಿಗೆ ಮುಚ್ಚಿಡುವುದನ್ನು ಕಲಿಸುವುದು ಪಾಪವೆಂದು ಅವಳ ಎಣಿಕೆ. ಅವಳು ಮಾಡಿದ ತಪ್ಪೆಂದರೆ ಅದೊಂದೇ, ಮತ್ತು ಅದು ಸಾಕಾಯಿತು.

ವಾರಗಳು ಉರುಳಿದವು. ಮೂರ್ಛೆ ಬರಲಿಲ್ಲ. ಸಾಕ್ಷಿ ಮಾತ್ರ ಊರೂರಿಗೆ ಹೊರಟಿತು. ಕೂಡ್ಲಿಗಿಯ ಕೂಟ, ಹಡಗಲಿಯ ಕೂಟ. ಮೈಕ್ ಯಾರದೆಂದು ಕೇಳುವ ಪ್ರಶ್ನೆಯೇ ಇಲ್ಲ, ಸಾಕ್ಷಿ ಹೇಳುವವನೇ ಮೈಕನ್ನೂ ತರುತ್ತಿದ್ದ. ಅವನ ಗಾಡಿಯ ಎಡಮಗ್ಗುಲಿಗೆ ‘ಶ್ರೀ ಬೀರಲಿಂಗೇಶ್ವರ ಸೌಂಡ್ಸ್’ ಎಂದಿತ್ತು. ಬಲಮಗ್ಗುಲಿಗೆ ಹೊಸದಾಗಿ, ಬೈಬಲಿನ ಹೆಸರು ಹಿಡಿದು, ‘ಬೇತೇಲ್ ಸೌಂಡ್ಸ್’ ಎಂದು ಬರೆಸಿದ. ಬಾಡಿಗೆಗೆ ಕರೆದವರ ದೇವರು ಯಾರೆಂದು ನೋಡಿಕೊಂಡು ಗಾಡಿ ನಿಲ್ಲಿಸುತ್ತಿದ್ದ. ಹಿರೇಹಡಗಲಿಯಲ್ಲಿ ಹೊಸ ಸಭೆ ಶುರುವಾಗಲಿದೆ, ಅದನ್ನು ನೋಡಿಕೊಳ್ಳಲು ಬೀರಲಿಂಗೇಶನನ್ನೇ ಕಳಿಸುತ್ತಾರೆ, ಹರಪನಹಳ್ಳಿಯ ದೊಡ್ಡ ಕೂಟದಲ್ಲಿ ಘೋಷಿಸುತ್ತಾರೆ ಎಂಬ ಮಾತು ಬಂತು. ಚಂದನಾ ಹೊಸ ಸೀರೆಗೆ ಫಾಲ್ ಹಚ್ಚಿಸಿದಳು.

ಹಗರಿಬೊಮ್ಮನಹಳ್ಳಿಯ ಕೂಟದಲ್ಲಿ ಜನ ಹೆಚ್ಚಿದ್ದರು. ಬೀರಲಿಂಗೇಶ ತನ್ನ ಸಾಕ್ಷಿಯನ್ನು ಹೊಳೆಯ ದಂಡೆಯವರೆಗೆ ತಂದು, ಗುಳಿಗೆ ಮುಳುಗಿಸಿ, ಬೆವರು ಒರೆಸಿಕೊಂಡ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕೈಯಲ್ಲಿ ಮೈಕಿತ್ತು, ಎದುರಿಗೆ ಮಗಳಿದ್ದಳು.

“ಬಾ ತಂಗಿ. ಕರ್ತನು ನಿನಗೇನು ಮಾಡ್ಯಾನ, ನಿನ್ನ ಬಾಯಿಲೇ ಹೇಳು.”

ಸುಕನ್ಯಾ ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಕಾಲು ಜೋಡಿಸಿದಳು.

“ನನಗ ಮೂರ್ಛಿ ಬರ್ತಿತ್ತು. ಈಗ ಬರಂಗಿಲ್ಲ. ದೇವ್ರು ನಮ್ಮ ಅಜ್ಜಿ ರೊಟ್ಟ್ಯಾಗ ಬೆಲ್ಲದ ಜೋಡಿ ಗುಳಿಗಿ ಇಟ್ಟು ಕೊಡ್ತಾನ. ದಿನಾ ಎರಡು. ದೇವರಿಗೆ ಸ್ತೋತ್ರ.”

ಎಲ್ಲೋ ಒಬ್ಬ ಮುದುಕ ಅಭ್ಯಾಸಬಲದಿಂದ “ಆಮೆನ್” ಎಂದ. ಅವನ ಪಕ್ಕದವನು ತಿವಿದ. ಮೈಕಿನ ಡಬ್ಬಿ ಕುಂಯ್ ಎಂದು ಕೂಗಿತು. ಬೀರಲಿಂಗೇಶನ ಕೈ ತಾನಾಗಿಯೇ ಗುಂಡಿಯ ಕಡೆ ಹೋಯಿತು. ತಗ್ಗಿಸಬೇಕಾದ ಗುಂಡಿ ಯಾವುದೆಂದು ಅವನಿಗೆ ಹೊಳೆಯಲಿಲ್ಲ. ಪಾಸ್ಟರ್ ಪ್ರವೀಣಕುಮಾರ್ ಎದ್ದು ಒಂದು ಹಾಡು ಹಿಡಿದರು. ಜನ ಚಪ್ಪಾಳೆ ತಟ್ಟಿದರು, ಆದರೆ ಕಣ್ಣೆಲ್ಲ ಹೆಂಗಸರ ಚಾಪೆಯ ಮೇಲಿದ್ದ ಕನಕಮ್ಮನ ಕಡೆಗಿತ್ತು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಬೀರಲಿಂಗೇಶ ಅಡುಗೆಮನೆಯನ್ನೆಲ್ಲ ಜಾಲಾಡಿ ಚಟ್ನಿಪುಡಿಯ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದ.

“ನನ್ನ ಮಾರಿಗೆ ಮಸಿ ಬಳದಿಯಲ್ಲ ಯವ್ವಾ! ಐದು ತಾಲೂಕಿನ ಮಂದಿ ಮುಂದ!”

“ನಾ ಮಸಿ ಬಳದಿಲ್ಲೋ. ಕೂಸಿಗೆ ಮೈಕ್ ಕೊಟ್ಟಾವ ನೀನು.”

“ನಿನಗ ದೇವರ ಮ್ಯಾಲೆ ನಂಬಿಕಿ ಇಲ್ಲ. ಅದನ್ನ ಹೇಳು.”

“ನಂಬಿಕಿ ಇಲ್ಲದಾಕಿ ಆಗಿದ್ರ ನಿನ್ನ ತಂಗಿನ ಮಣ್ಣು ಮಾಡಿದ ವಾರ ಶೆಡ್ಡಿಗೆ ಹೋಗತಿದ್ನೇನು? ಅವ್ನು ಕೊಟ್ರೂ ನನ್ನ ದೇವ್ರು, ಕಸ್ಕೊಂಡ್ರೂ ನನ್ನ ದೇವ್ರು. ನಿಂದೇನು? ಕೊಟ್ಟಾಗ ಮಾತ್ರನಾ?”

ಮಗನನ್ನು ನಿಭಾಯಿಸುವುದು ಸುಲಭವಿತ್ತು. ಚಂದನಾ ಚೆಲ್ಲಿದ ಪುಡಿಯ ನಡುವೆ ಕುಳಿತು, ಸಿಕ್ಕಿದ ಶೀಟನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಳು.

“ಇಷ್ಟು ದಿನ ಮೊಣಕಾಲೂರಿ ಅತ್ತೆನಲ್ಲ ಅತ್ತಿ. ಒಂದೊಂದು ದಿನ ಬೆಳಗಾದಾಗ, ನನ್ನ ಪ್ರಾರ್ಥನಿ ಕೇಳ್ಯಾನ, ನನ್ನಂಥಾಕಿದೂ ಕೇಳ್ಯಾನ ಅಂತ ಹಿಗ್ಗತಿದ್ದೆ. ಎಲ್ಲಾ ಈ ಗುಳಿಗಿ ಮಾಡಿದ್ದೇನು? ನನ್ನ ದೇವರನ್ನ ಕಸ್ಕೊಂಡುಬಿಟ್ರಲ್ರಿ ನೀವು.”

ಕನಕಮ್ಮ ಎದ್ದಳು. ಪೊರಕೆ ತಂದು ಪುಡಿ ಗುಡಿಸಿದಳು.

ಅಂದಿನಿಂದ ಸುಕನ್ಯಾಳ ಊಟ ಚಂದನಾಳ ಕಣ್ಣೆದುರಿಗೇ. ಅಜ್ಜಿಯ ಒಲೆಯ ಹತ್ತಿರ ಹೋಗಬೇಡವೆಂದು ತಾಕೀತಾಯಿತು. ಗುಳಿಗೆ ನಿಂತಿತು. ಒಂದೇ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವಳು, ಸೊಸೆ ಬೇರೆ ತಟ್ಟೆಯಲ್ಲಿ ಅನ್ನ ಕಲಸುವಳು. ಯರ್ರೆಪ್ಪ ಇಬ್ಬರ ನಡುವೆ ಕುಳಿತು, “ನಮ್ಮ ಕುರಿ ಹಟ್ಟ್ಯಾಗೂ ಇಷ್ಟು ಬೇಲಿ ಇಲ್ಲ,” ಎಂದ.

ಆ ವಾರ ಪಾಸ್ಟರ್ ಪ್ರವೀಣಕುಮಾರ್ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ಒಂದು ಹಳೆಯ ಬೈಕು, ಐದು ತಾಲ್ಲೂಕಿನ ರಸ್ತೆ, ಸದಾ ನೋಯುವ ಸೊಂಟ, ಸಾಕ್ಷಿ ಕೇಳದಿದ್ದರೆ ಕರಗಿಹೋಗುವ ಸಭೆ, ಇಷ್ಟನ್ನು ಹೊತ್ತುಕೊಂಡು ತಿರುಗುತ್ತಿದ್ದವರು. ಕನಕಮ್ಮ ಬಡಿಸಿದ ರೊಟ್ಟಿ ತಿಂದರು, ಇನ್ನೊಂದು ಹಾಕಿಸಿಕೊಂಡರು, ಆಮೇಲೆ ಕೈ ತೊಳೆದು ಮಾತು ತೆಗೆದರು.

“ಅಮ್ಮಾ, ನಾನು ಗುಳಿಗಿ ಬಿಡ್ರಿ ಅಂದಿಲ್ಲ. ಒಂದು ಮಾತೂ ಅಂದಿಲ್ಲ.”

“ನುಂಗಸ್ರಿ ಅಂತನೂ ಅಂದಿಲ್ಲ ನೀವು.”

ಪಾಸ್ಟರು ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದರು. “ಸಭಿಯವರ ನಂಬಿಕಿ ಎಡವೈತಿ. ಹಿರೇರು ಕುಂತು ಮಾತಾಡಿದ್ವಿ. ನೀವು ಎದ್ದು ನಿಂತು, ಅವಿಶ್ವಾಸದಿಂದ ಹಂಗ ಮಾಡಿದೆ, ಕ್ಷಮಿಸ್ರಿ ಅನ್ನೋ ತನಕ ಮೇಜಿಗೆ ಬರಬ್ಯಾಡ್ರಿ.”

ಕನಕಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

“ಮತ್ತ ರೊಟ್ಟಿ?”

ಪಾಸ್ಟರು ನೆಲ ನೋಡಿದರು. “ರೊಟ್ಟಿ… ಕಳಸ್ರಿ. ಬೇಕರಿದು ಈಗ ಯಾರಿಗೂ ಸೇರಂಗಿಲ್ಲ.”

ತಿಂಗಳ ಮೊದಲ ಭಾನುವಾರ ಅಂಜಿನಕ್ಕ ಬಂದು ಬಾಗಿಲ ಹೊರಗೇ ನಿಂತಳು. ಬಿಳಿ ಬಟ್ಟೆಯ ಗಂಟನ್ನು ಇಸಿದುಕೊಂಡು, “ಕನಕಕ್ಕ, ನಿನ್ನ ಸಲುವಾಗಿ ಕನಸು ಬಿದ್ದಿತ್ತವಾ. ಕತ್ತಲಾಗ ನಿಂತಿದ್ದಿ,” ಎಂದಳು.

“ದೀಪ ಹಚ್ಚಬೇಕಿಲ್ಲೇನು ನೀನು? ನೋಡಿಕೋತ ನಿಂತಿ?” ಎಂದಳು ಕನಕಮ್ಮ.

ರೊಟ್ಟಿ ಹೋಯಿತು. ಮಗ, ಸೊಸೆ, ಮೊಮ್ಮಗಳು ಹಿಂದೆಯೇ ಹೋದರು. ಕನಕಮ್ಮ ಒಲೆಯ ಮುಂದೆ ಕುಳಿತು, ಅದೇ ಹಿಟ್ಟಿನಲ್ಲಿ ಉಳಿದದ್ದನ್ನು ಬಡಿದು ಬೇಯಿಸಿ, ಕಣ್ಣು ಮುಚ್ಚಿ ಮುರಿದು ತಿಂದಳು. ಒಂದು ಚೂರನ್ನು, ಎದುರಿಗೆ ಯೇಸು ಕುಳಿತಿದ್ದಾನೆ ಎನ್ನುವಂತೆ, ಒಲೆಯ ಕಟ್ಟೆಯ ಮೇಲೆ ಇಟ್ಟಳು. “ನಿನ್ನನ್ನೂ ಹಿಂಗ ಹೊರಗ ಹಾಕಿದ್ರಲ್ಲ,” ಎಂದಳು. ಅವಳಿಗೆ ಆ ದಿನ ಒಂಟಿ ಎನ್ನಿಸಲಿಲ್ಲ. ಹಿತ್ತಲಲ್ಲಿ ಕುರಿಗೆ ಸೊಪ್ಪು ಹಾಕುತ್ತಿದ್ದ ಯರ್ರೆಪ್ಪ ಇಣುಕಿ ನೋಡಿ, ಮತ್ತೆ ಕುರಿಗಳ ಕಡೆ ಹೋದ.

ಬಹಳ ದಿನ ಆಗಲಿಲ್ಲ. ಶಾಲೆಯಿಂದ ಬಂದ ಸುಕನ್ಯಾ ಬಚ್ಚಲಿನ ಮೆಟ್ಟಿಲ ಮೇಲೆ ಬಿದ್ದಳು. ಚಂದನಾ ಕೂಗಿಕೊಂಡಾಗ ಕನಕಮ್ಮ ಹಿಟ್ಟಿನ ಕೈಯಲ್ಲೇ ಓಡಿದಳು. ಹುಡುಗಿಯ ಕಣ್ಣು ಮೇಲಕ್ಕೆ ಹೋಗಿತ್ತು, ಗದ್ದ ಒಡೆದು ರಕ್ತ ಕಲ್ಲಿನ ಮೇಲೆ ಹರಿಯುತ್ತಿತ್ತು. ಮಗ್ಗುಲಾಗಿ ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಚಂದನಾ, “ಯೇಸಪ್ಪಾ, ಯೇಸಪ್ಪಾ,” ಎನ್ನುತ್ತ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ಗದ್ದಕ್ಕೆ ಹೊಲಿಗೆ ಹಾಕುತ್ತ ಡಾಕ್ಟರಮ್ಮ ಕೇಳಿದರು: “ಗುಳಿಗಿ ತಪ್ಸಿದ್ರೇನು?”

“ಇಲ್ರಿ ಮೇಡಂ,” ಎಂದ ಬೀರಲಿಂಗೇಶ. “ದಿನಾ ಕೊಡ್ತೀವಿ.”

ಕನಕಮ್ಮ ಮಗನ ಮುಖ ನೋಡಿದಳು. ಅವನು ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡುತ್ತಿದ್ದ. ಹೊರಗೆ ಬಂದ ಮೇಲೆ ಸಭೆಯವರಿಗೆ ಫೋನ್ ಮಾಡಿ, “ಕಾಲು ಜಾರಿ ಬಿದ್ದಾಳ, ಪ್ರಾರ್ಥನಿ ಮಾಡ್ರಿ,” ಎಂದ.

ಮರುದಿನ ಅವನು ಅಡುಗೆಮನೆಗೆ ಬಂದು ಹಿಟ್ಟಿನ ಡಬ್ಬದ ಪಕ್ಕ ಕುಳಿತ. ಸಣ್ಣವನಿದ್ದಾಗ ಕೂರುತ್ತಿದ್ದ ಜಾಗ. ಕಣ್ಣು ಊದಿತ್ತು.

“ಯವ್ವಾ, ಹರಪನಹಳ್ಳಿ ಕೂಟ ಮುಂದ್ಲ ತಿಂಗಳೈತಿ. ಹಿರೇಹಡಗಲಿ ಸಭಿ ನನಗ ಕೊಡ್ತಾರ. ನನ್ನ ಸಾಕ್ಷಿ ಬಿತ್ತಂದ್ರ ಎಲ್ಲಾ ಬಿತ್ತು.”

“ಬೀಳ್ಲಿ. ಕೂಸು ಬೀಳೋದಕಿಂತ ಚಲೋ.”

“ಕೂಸು ಬೀಳಬಾರದು ಅಂತನ ಬಂದೀನಿ.” ಅವನು ದನಿ ತಗ್ಗಿಸಿದ, ಬಹಳ ದಿನದ ಮೇಲೆ ಮೈಕಿಲ್ಲದ ದನಿ. “ಈ ಭಾನುವಾರ ಮೇಜು ಐತಿ. ನೀ ಎದ್ದು ನಿಂತು ಒಂದು ಮಾತು ಅನ್ನು. ಸೈತಾನ ಮನಸ್ಸು ಕೆಡಿಸಿದ್ದ, ನಂಬಿಕಿ ಇಲ್ಲದ ಗುಳಿಗಿ ಕೊಟ್ಟೆ, ಕ್ಷಮಿಸ್ರಿ ಅಂತ. ಅಷ್ಟ. ಆಮ್ಯಾಲೆ… ನೀ ರೊಟ್ಟ್ಯಾಗ ಏನಿಟ್ಟು ಕೊಡ್ತಿ, ನಾ ನೋಡಂಗಿಲ್ಲ.”

“ನೋಡಂಗಿಲ್ಲ?”

“ನೋಡಂಗಿಲ್ಲ. ಚಂದನಾನೂ ನೋಡಂಗಿಲ್ಲ.”

“ಸುಳ್ಳು ಹೇಳು ಅಂತಿ. ಅವ್ನ ಮನ್ಯಾಗ ನಿಂತು.”

“ಕ್ಷಮೆ ಕೇಳೋದು ಸುಳ್ಳು ಹೆಂಗಾಗತೈತಿ?”

“ಮಾಡದ ತಪ್ಪಿಗೆ ಕೇಳಿದ್ರ ಆಗತೈತಿ. ಈಗ ನಾ ಹೊರಗಿದ್ರೂ ಅವ್ನ ಹಂತ್ಯಾಕ ಅದೀನಿ. ನೀ ನನ್ನ ಒಳಗ ಕರದು ಅವ್ನಿಂದ ಹೊರಗ ಹಾಕಾಕತ್ತಿ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಚಂದನಾ ಒಳಗೆ ಬಂದು ಅತ್ತೆಯ ಕಾಲು ಹಿಡಿದುಕೊಂಡಳು. “ಒಪ್ಕೊಂಡುಬಿಡ್ರಿ ಅತ್ತಿ. ನಾನು ಅವತ್ತು ಏನೇನೋ ಅಂದೆ. ನನಗ ದೇವರ ಪವಾಡ ಬ್ಯಾಡ್ರಿ, ಕೂಸು ಬೇಕು. ನಿಮ್ಮ ಮಗ ಜಗ್ಗಂಗಿಲ್ಲ, ನಿಮಗ ಗೊತ್ತೈತಿ. ಜಗ್ಗಿದ್ರ ನೀವ ಜಗ್ಗಬೇಕು.”

ಕನಕಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಿದಳು. ಒಳಕೋಣೆಯಿಂದ ಗದ್ದಕ್ಕೆ ಪಟ್ಟಿ ಕಟ್ಟಿಕೊಂಡ ಹುಡುಗಿ ಪದ್ಯ ಓದಿಕೊಳ್ಳುತ್ತಿದ್ದಳು. ಹೊಲಿಗೆ ಎಳೆಯುತ್ತಿದ್ದುದರಿಂದ ಅರ್ಧ ಬಾಯಲ್ಲಿ ಓದುತ್ತಿದ್ದಳು.

“ಏಳವಾ,” ಎಂದಳು ಸೊಸೆಗೆ. “ಎಸರು ಆರತೈತಿ.”

ಭಾನುವಾರ ಕನಕಮ್ಮ ಎಂದಿನಂತೆ ಮೊದಲ ರೊಟ್ಟಿ ಬೇಯಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿ, ತಾನೇ ಹಿಡಿದುಕೊಂಡು ಶೆಡ್ಡಿಗೆ ಹೋದಳು. ಮೇಜಿನ ಮೇಲಿಟ್ಟು ನಿಂತಳು. ಮಗ ಮೈಕಿನ ಎತ್ತರವನ್ನು ಅವಳ ಬಾಯಿಗೆ ಸರಿಯಾಗಿ ತಗ್ಗಿಸಿಕೊಟ್ಟ. ಅವನು ಆ ಕೆಲಸದಲ್ಲಿ ಪಳಗಿದವನು.

“ನಂಬಿಕಿ ಇಲ್ಲದಂಗ ಮಾಡಿದೆ,” ಎಂದಳು ಕನಕಮ್ಮ. “ಸೈತಾನ ಗುಳಿಗಿ ಕೊಡಿಸಿದ. ಕ್ಷಮಿಸ್ರಿ.”

ತಗಡು ಅದುರಿತು. ಅಂಜಿನಕ್ಕ ಗೊಳೋ ಎಂದು ಅತ್ತಳು. ಬೀರಲಿಂಗೇಶ ತಾಯಿಯನ್ನು ಅಪ್ಪಿಕೊಂಡ. ಅವನು ಅತ್ತದ್ದು ಮಾತ್ರ ನಿಜವಾಗಿಯೇ ಅತ್ತದ್ದು. ಪಾಸ್ಟರು ರೊಟ್ಟಿ ಕೈಗೆತ್ತಿಕೊಂಡು ಎಂದಿನ ಎಚ್ಚರಿಕೆ ಹೇಳಿದರು: “ಮನಸ್ಸಿನಾಗ ಸುಳ್ಳು ಇಟ್ಕೊಂಡವರು ಈ ಮೇಜಿಗೆ ಕೈ ಚಾಚಬ್ಯಾಡ್ರಿ.” ಜನ ಕಣ್ಣು ಮುಚ್ಚಿ ತಲೆದೂಗಿದರು. ತಟ್ಟೆ ಸಾಲಾಗಿ ಬಂತು. ಎಲ್ಲರೂ ಕೈ ಚಾಚಿದರು.

ಕನಕಮ್ಮನ ಮುಂದೆ ಬಂದಾಗ ಅವಳು ತಟ್ಟೆ ಇಸಿದುಕೊಂಡಳು. ತನ್ನದೇ ಹಿಟ್ಟು, ತನ್ನದೇ ಬೆರಳಚ್ಚು. ಸ್ವಲ್ಪ ಹೊತ್ತು ನೋಡಿ ಪಕ್ಕದವಳಿಗೆ ದಾಟಿಸಿದಳು.

“ತಗೊಳ್ರಿ ಅಮ್ಮಾ, ಇನ್ನ ನೀವು ಹೊರಗಿನವರಲ್ಲ,” ಎಂದರು ಪಾಸ್ಟರು.

ಕನಕಮ್ಮ ತಲೆ ಅಲ್ಲಾಡಿಸಿದಳು.

“ಎಂಥಾ ದೀನತಿ ನೋಡ್ರಿ,” ಎಂದು ಯಾರೋ ಪಿಸುಗುಟ್ಟಿದರು. ಅದು ಹರಡಿತು. ಸಭೆ ಬಿಡುವ ಹೊತ್ತಿಗೆ ಬೀರಲಿಂಗೇಶನಿಗೆ ಹರಪನಹಳ್ಳಿಯ ಕೂಟಕ್ಕೆ ಎರಡನೆಯ ಸಾಕ್ಷಿಯೂ ಸಿದ್ಧವಾಗಿತ್ತು: ನಮ್ಮವ್ವನ ಪಶ್ಚಾತ್ತಾಪ.

ಅಂದು ಸಂಜೆ ಸುಕನ್ಯಾ ಬಹಳ ದಿನದ ಮೇಲೆ ಒಲೆಯ ಪಕ್ಕಕ್ಕೆ ಬಂದು ಕುಳಿತಳು. ಯಾರೂ ತಡೆಯಲಿಲ್ಲ. ಬೀರಲಿಂಗೇಶ ಹೊರಗೆ ಗಾಡಿ ಒರೆಸುತ್ತಿದ್ದ, ಚಂದನಾ ಬೆನ್ನು ತಿರುಗಿಸಿಕೊಂಡು ಅಕ್ಕಿ ಆರಿಸುತ್ತಿದ್ದಳು. ನೋಡುವುದಿಲ್ಲವೆಂದರೆ ನೋಡುವುದಿಲ್ಲ, ಆ ಮಾತನ್ನು ಇಬ್ಬರೂ ಉಳಿಸಿಕೊಂಡರು. ಕನಕಮ್ಮ ರೊಟ್ಟಿಯ ಚೂರಿಗೆ ಬೆಲ್ಲ ಇಟ್ಟು, ಬೆಲ್ಲದೊಳಗೆ ಆಸ್ಪತ್ರೆಯಲ್ಲಿ ಕೊಟ್ಟ ಗುಳಿಗೆ ಇಟ್ಟು ಕೊಟ್ಟಳು. ಹುಡುಗಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

“ಅಜ್ಜಿ, ದೇವ್ರು ಇಟ್ಟು ಕೊಡ್ತಾನ ಅಂದಿದ್ದಿ. ಇವತ್ತು ಸೈತಾನ ಕೊಡಿಸಿದ ಅಂದಿ.”

“ಅಂದೆ.”

“ಯಾರು ಇಟ್ಟಿದ್ದು?”

ಅಕ್ಕಿ ಆರಿಸುವ ಸದ್ದು ನಿಂತಿತು.

“ಇಟ್ಟಾವ ದೇವ್ರ. ಸುಳ್ಳು ಹೇಳಿದಾಕಿ ನಾನು. ನುಂಗು.”

“ಅವ್ನು ಸಿಟ್ಟಾಗಂಗಿಲ್ಲೇನು?”

“ಆಗ್ಯಾನ. ಆಗ್ಲಿ. ಬಿಟ್ಟು ಹೋಗಂಗಿಲ್ಲ ಅವ್ನು, ನನಗ ಗೊತ್ತೈತಿ. ನುಂಗವಾ, ಆರತೈತಿ.”

ಹುಡುಗಿ ನುಂಗಿ, ನೀರು ಕುಡಿದು, ನಾಲಿಗೆ ಹೊರಚಾಚಿ ಖಾಲಿ ಬಾಯಿ ತೋರಿಸಿದಳು. ಅಕ್ಕಿ ಆರಿಸುವ ಸದ್ದು ಮತ್ತೆ ಶುರುವಾಯಿತು.

ಊಟಕ್ಕೆ ಕುಳಿತ ಯರ್ರೆಪ್ಪ ಕೊನೆಯ ತುತ್ತಿನ ಹೊತ್ತಿಗೆ ಕೇಳಿದ: “ತಿನ್ಲಿಲ್ಲಂತಲ್ಲ ಇವತ್ತು, ನಿಮ್ಮ ಸಭ್ಯಾಗ.”

“ಇಲ್ಲ.”

“ಮತ್ತ ಯಾವಾಗ ತಿಂತಿ?”

“ಆ ಸುಳ್ಳು ಅದ ಮೈಕಿನ್ಯಾಗ ವಾಪಸ್ ತಗೊಂಡ ದಿನ.”

“ಯಾವಾಗ ತಗೋತಿ?”

“ಆಕಿ ದೊಡ್ಡಾಕಿ ಆಗಿ, ತನ್ನ ಗುಳಿಗಿ ತಾನು ಕೊಂಡ್ಕೊಂಡು, ಎಲ್ರ ಮುಂದ ನುಂಗೋ ದಿನ.”

ಯರ್ರೆಪ್ಪ ಮೊಮ್ಮಗಳ ಕಡೆ ನೋಡಿದ. ಗದ್ದಕ್ಕೆ ಪಟ್ಟಿ, ಬಾಯಿಯ ಮೂಲೆಯಲ್ಲಿ ಬೆಲ್ಲ, ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಆಮೇಲೆ ಹೆಂಡತಿಯ ನರೆತ ತಲೆಯ ಕಡೆ ನೋಡಿದ. ಲೆಕ್ಕ ಹಾಕಲು ಹೋಗಲಿಲ್ಲ. ರುಮಾಲು ಬಿಚ್ಚಿ, ಮಡಿಕೆಯಿಂದ ಹೊಸ ಶೀಟು ತೆಗೆದು ಅವಳ ಮುಂದಿಟ್ಟ.

“ರೊಟ್ಟಿ ಕಳಿಸೋದು ಬಿಡ್ತೀಯೇನು ಹಂಗಾರ?”

“ಯಾಕ ಬಿಡ್ಲಿ?” ಎಂದಳು ಕನಕಮ್ಮ, ಗುರೆಳ್ಳಿನ ಡಬ್ಬಿಗೆ ಕೈ ಹಾಕುತ್ತ. “ರೊಟ್ಟಿ ಏನು ಮಾಡೈತಿ?”